ಚಿಕ್ಕಯ್ಯನಛತ್ರವನ್ನು ಉಲ್ಟಾ ಮಾಡಿದರೆ ಏನು ಬರುತ್ತೆ? ಕೋಡಿಂಗ್‌ನ ಮೊದಲ ಲೆಕ್ಕಗಳು, ಚಿಕ್ಕಮ್ಮನ ಹೆಸರು

(ಆಡಿಯೊ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತು ಕೋಡಿಂಗ್ ಬಗ್ಗೆ ಮಾತಾಡೋಣ. ಬಿಸಿಎ, ಡಿಪ್ಲೊಮಾ, ಬಿಎಸ್ಸಿ ಮಾಡ್ತಿರೋ ತುಂಬ ಜನ ಕಳಿಸೋ ವಾಯ್ಸ್ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತೆ. ಲ್ಯಾಬ್‌ನಲ್ಲಿ ಮೊದಲ ವಾರವೇ ಕೊಡ್ತಾರೆ: ಒಂದು ಸಂಖ್ಯೆಯನ್ನು ತಿರುಗಿಸಿ, ಒಂದು ಪದ ಹಿಂದೆ ಮುಂದೆ ಒಂದೇ ಥರ ಇದೆಯಾ ನೋಡಿ, ಎರಡು ಅರೇ ಸಮ ಇದೆಯಾ ಹೇಳಿ. ಕೆಲಸದ ಸಂದರ್ಶನಕ್ಕೆ ಹೋದರೂ ಅದೇ. ‘ಇದನ್ನೆಲ್ಲ ಯಾಕೆ ಮಾಡಿಸ್ತಾರೆ ಸಾರ್, ನಿಜ ಜೀವನದಲ್ಲಿ ಯಾರು ಪದ ತಿರುಗಿಸ್ತಾರೆ?’ ಅಂತ ಒಬ್ಬರು ಕೇಳಿದ್ರು. ನನಗೂ ಹಾಗೇ ಅನ್ನಿಸ್ತಿತ್ತು. ಆಮೇಲೆ ನಾನು ಬರೆದ ಹದಿನೈದು ಸಾಲಿನ ಪ್ರೋಗ್ರಾಮಿನಿಂದ ನಮ್ಮ ಚಿಕ್ಕಮ್ಮನ ಹೆಸರು ಸಂಘದ ಪಟ್ಟಿಯಿಂದ ಮಾಯವಾಯ್ತು. ಆ ಕಥೆ ಹೇಳ್ತೀನಿ. ಅದು ಅರ್ಥ ಆಗಬೇಕಾದರೆ ಮೊದಲು ಒಂದೆರಡು ಚಿಕ್ಕ ಲೆಕ್ಕ ಮಾಡಬೇಕು.

ನಮ್ಮೂರು ಚಿಕ್ಕಯ್ಯನಛತ್ರ. ನಂಜನಗೂಡು ತಾಲ್ಲೂಕಿನ ಹೋಬಳಿ. ನನ್ನ ಹತ್ತಿರ ಆಗ ಲ್ಯಾಪ್‌ಟಾಪ್ ಇರಲಿಲ್ಲ. ಫೋನಿನಲ್ಲೇ ಪೈಥಾನ್ ಆ್ಯಪ್ ಹಾಕ್ಕೊಂಡು ಕಲೀತಿದ್ದೆ. ಪದ ತಿರುಗಿಸೋಕೆ ಪೈಥಾನ್‌ನಲ್ಲಿ ಒಂದು ಸುಲಭ ದಾರಿ ಇದೆ: ಪದದ ಮುಂದೆ ಚೌಕ ಕಂಸ, ಅದರೊಳಗೆ ಕೋಲನ್, ಕೋಲನ್, ಮೈನಸ್ ಒಂದು. ಅಷ್ಟೇ. ಎಲ್ಲರೂ ಮೊದಲು ತಮ್ಮ ಹೆಸರು ಹಾಕ್ತಾರೆ. ನಾನು ಊರಿನ ಹೆಸರು ಹಾಕಿದೆ, ಅದೂ ಕನ್ನಡದಲ್ಲೇ. ಬಂದ ಉತ್ತರ: ರ್ತಛನಯ್ಯಕ್ಕಿಚ.

ಬಾಯಿಬಿಟ್ಟು ಓದಿ ನೋಡಿ. ಕೊನೆಯ ‘ತ್ರ’ ಇದ್ದದ್ದು ‘ರ್ತ’ ಆಗಿ ಅರ್ಕಾವೊತ್ತು ಬಂದಿದೆ. ‘ಚಿ’ಯ ಗುಡಿಸು ಕಳಚಿಕೊಂಡು ‘ಕ್ಕ’ ಮೇಲೆ ಕೂತು ‘ಕ್ಕಿ’ ಆಗಿದೆ. ಪಾಪ, ‘ಚ’ ಬರಿಗೈಯಲ್ಲಿ ನಿಂತಿದೆ. ‘ಯ್ಯ’ಗೆ ಮಾತ್ರ ಏನೂ ಆಗಿಲ್ಲ. ಪುಸ್ತಕದಲ್ಲಿ ಕೊಟ್ಟಿರೋ ಇಂಗ್ಲಿಷ್ ಪದಗಳಿಗೆ ಸರಿಯಾಗಿ ನಡೆಯೋ ಕೋಡ್ ನಮ್ಮೂರಿಗೆ ಬಂದ ತಕ್ಷಣ ಯಾಕೆ ಹೀಗೆ ಮಾಡ್ತು? ಇದಕ್ಕೆ ವಾಪಸ್ ಬರೋಣ. ಮೊದಲು ಸಂಖ್ಯೆ.

ಸಂಖ್ಯೆ ತಿರುಗಿಸೋ ಲೆಕ್ಕ ಎಲ್ಲರಿಗೂ ಗೊತ್ತಿರುತ್ತೆ. ಹತ್ತರಿಂದ ಭಾಗಿಸಿದಾಗ ಉಳಿಯೋ ಶೇಷವೇ ಕೊನೆಯ ಅಂಕಿ. ಅದನ್ನ ಕಿತ್ತು ಹೊಸ ಸಂಖ್ಯೆಯ ಬಾಲಕ್ಕೆ ಅಂಟಿಸಬೇಕು. ಅಂದ್ರೆ ಹೊಸ ಸಂಖ್ಯೆಯನ್ನ ಹತ್ತರಿಂದ ಗುಣಿಸಿ, ಅದಕ್ಕೆ ಆ ಅಂಕಿ ಕೂಡಬೇಕು. ಹಳೆಯದನ್ನ ಹತ್ತರಿಂದ ಭಾಗಿಸಿ ಚಿಕ್ಕದು ಮಾಡಬೇಕು. ಸೊನ್ನೆ ಆಗೋವರೆಗೂ ಇದೇ. ನಂಜನಗೂಡಿನ ಪಿನ್‌ಕೋಡ್ 571301 ಕೊಟ್ಟರೆ 103175 ಬರುತ್ತೆ. ಚೆನ್ನಾಗಿದೆ. ಈಗ ಮೈಸೂರಿನ 570020 ಕೊಡಿ. 20075 ಬರುತ್ತೆ. ಆರು ಅಂಕಿ ಕೊಟ್ಟೆವು, ಐದು ವಾಪಸ್ ಬಂತು. ಅದನ್ನೇ ಮತ್ತೆ ತಿರುಗಿಸಿದರೆ 57002. ಹೋದ ಸೊನ್ನೆ ಹೋಯ್ತು.

ಇದು ಕೋಡ್‌ನ ತಪ್ಪಲ್ಲ. ಸಂಖ್ಯೆಯ ಎದುರಿಗೆ ಬರೋ ಸೊನ್ನೆಗೆ ಗಣಿತದಲ್ಲಿ ಬೆಲೆ ಇಲ್ಲ, ಅದಕ್ಕೇ ಬಿದ್ದುಹೋಯ್ತು. ತಪ್ಪು ನಮ್ಮದು: ಪಿನ್‌ಕೋಡ್ ನೋಡೋಕೆ ಸಂಖ್ಯೆ, ಆದರೆ ಅದು ನಿಜಕ್ಕೂ ಒಂದು ಹೆಸರು. ಎರಡು ಪಿನ್‌ಕೋಡ್ ಕೂಡಿಸಿ ಯಾರಾದರೂ ಏನಾದರೂ ಮಾಡ್ತಾರಾ? ಇಲ್ಲ ತಾನೆ. ಮೊಬೈಲ್ ನಂಬರ್, ಆಧಾರ್ ನಂಬರ್, ಪರೀಕ್ಷೆಯ ರಿಜಿಸ್ಟರ್ ನಂಬರ್ ಎಲ್ಲ ಇದೇ ಜಾತಿ. ಇವನ್ನ ಸ್ಟ್ರಿಂಗ್ ಆಗಿ ಇಟ್ಟುಕೊಳ್ಳಿ, ಅರ್ಧ ತಲೆನೋವು ಹೋಗುತ್ತೆ.

ಇನ್ನೊಂದು ಹೊಂಡ ಇದೆ, ನಾನೇ ಬಿದ್ದಿದ್ದು. ಮೈನಸ್ 12 ಕೊಟ್ಟೆ. ನನ್ನ ಕೋಡ್‌ನಲ್ಲಿ ‘ಸಂಖ್ಯೆ ಸೊನ್ನೆ ಆಗದಿರುವವರೆಗೂ ಓಡು’ ಅಂತ ಇತ್ತು. ಫೋನ್ ಬಿಸಿಯಾಯ್ತು, ಉತ್ತರ ಬರಲೇ ಇಲ್ಲ. ಯಾಕೆ ಅಂದ್ರೆ ಪೈಥಾನ್ ಭಾಗಾಕಾರ ಮಾಡುವಾಗ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತೆ. ಮೈನಸ್ 12ನ್ನ ಹತ್ತರಿಂದ ಭಾಗಿಸಿದರೆ ಮೈನಸ್ 1.2, ಅದು ಇಳಿದು ಮೈನಸ್ 2. ಮತ್ತೆ ಭಾಗಿಸಿದರೆ ಮೈನಸ್ 1. ಮತ್ತೆ ಭಾಗಿಸಿದರೆ? ಮೈನಸ್ 0.1, ಅದು ಇಳಿದು ಮತ್ತೆ ಮೈನಸ್ 1. ಹೀಗೇ ಕೊನೆಯೇ ಇಲ್ಲ, ಒಂಬತ್ತುಗಳ ಸಾಲು ಬೆಳೀತಾ ಹೋಗುತ್ತೆ. ಅದೇ ಸಿ ಭಾಷೆಯಲ್ಲಿ ಬರೆದಿದ್ದರೆ ಸೊನ್ನೆಯ ಕಡೆಗೆ ಇಳಿಯೋದರಿಂದ ಸರಿಯಾಗಿ ನಿಲ್ಲುತ್ತಿತ್ತು. ಒಂದೇ ಲೆಕ್ಕ, ಎರಡು ಭಾಷೆ, ಎರಡು ಗತಿ. ಚಿಹ್ನೆಯನ್ನ ಮೊದಲೇ ಪಕ್ಕಕ್ಕೆ ತೆಗೆದಿಟ್ಟು, ಕೊನೆಗೆ ಅಂಟಿಸಿ.

ಸಿ, ಜಾವಾ ಬರೆಯೋರಿಗೆ ಇನ್ನೊಂದು ಮಾತು. ಸಾಮಾನ್ಯ ಇಂಟ್‌ನಲ್ಲಿ ಹಿಡಿಸೋದು 2147483647ರವರೆಗೆ ಮಾತ್ರ. 1999999999 ಅದರೊಳಗೆ ಆರಾಮಾಗಿ ಕೂರುತ್ತೆ, ತಿರುಗಿಸಿದರೆ ಕೂರಲ್ಲ.

‘ಇದನ್ನೆಲ್ಲ ಯಾಕೆ ತಿರುಗಿಸಬೇಕು’ ಅಂತ ಕೇಳಿದೋರಿಗೆ ಇಲ್ಲೊಂದು ಉತ್ತರ ಇದೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅಂತ ಒಬ್ಬ ಶಾಲಾ ಮೇಷ್ಟ್ರು ಇದ್ದರು, 1905ರಲ್ಲಿ ಹುಟ್ಟಿದವರು. ಸಂಖ್ಯೆಗಳ ಜೊತೆ ಆಟ ಆಡೋದೇ ಅವರ ಹುಚ್ಚು. ಅವರು ಕಂಡುಹಿಡಿದದ್ದು ಇದು: ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತಗೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. ಅಂಕಿಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದನ್ನೇ ತಿರುಗಿಸಿ ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಅದೇ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ 1973 ತಗೊಳ್ಳೋಣ. 9731ರಲ್ಲಿ 1379 ಕಳೆದರೆ 8352. ಅದನ್ನ ಜೋಡಿಸಿ 8532ರಲ್ಲಿ 2358 ಕಳೆದರೆ 6174. ಈಗ 7641ರಲ್ಲಿ 1467 ಕಳೆಯಿರಿ, ಮತ್ತೆ 6174. ಅಲ್ಲೇ ನಿಲ್ಲುತ್ತೆ. ಯಾವ ಸಂಖ್ಯೆ ಹಿಡಿದು ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ 6174ಕ್ಕೆ ಬಂದು ಬೀಳ್ತೀವಿ. ಪ್ರೋಗ್ರಾಮ್ ಬರೆದು ಎಲ್ಲ ಸಂಖ್ಯೆ ಓಡಿಸಿ ನೋಡಬಹುದು, ಫೋನಿಗೆ ಕ್ಷಣದ ಕೆಲಸ.

ಆದರೆ 2111 ಹಾಕುವಾಗ ಹುಷಾರ್. 2111ರಲ್ಲಿ 1112 ಹೋದರೆ 999. ಮೂರೇ ಅಂಕಿ! ಇದನ್ನ ಹಾಗೇ ತಿರುಗಿಸಿ ಕಳೆದರೆ ಸೊನ್ನೆ ಬಂದು ‘ಕಾಪ್ರೇಕರ್ ಸುಳ್ಳು’ ಅಂತ ನಿಮ್ಮ ಪ್ರೋಗ್ರಾಮ್ ಹೇಳುತ್ತೆ. 0999 ಅಂತ ಸೊನ್ನೆ ತುಂಬಿಸಿ 9990ರಲ್ಲಿ 0999 ಕಳೆದರೆ 8991, ಅಲ್ಲಿಂದ 8082, 8532, 6174. ಪಿನ್‌ಕೋಡಿನಲ್ಲಿ ಕಳೆದುಹೋದ ಅದೇ ಸೊನ್ನೆ ಇಲ್ಲೂ ಬಂತು ನೋಡಿ.

ಸರಿ, ಈಗ ಪದಕ್ಕೆ ವಾಪಸ್ ಹೋಗೋಣ.

ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗೋ ಕನ್ನಡ ಪದ ಹೇಳಿ ಅಂದ್ರೆ ನೀವೆಲ್ಲ ಹೇಳ್ತೀರಿ: ಗದಗ, ಕನಕ, ನಯನ, ವಿಕಟಕವಿ. ಹೆಸರುಗಳಲ್ಲಿ ನವೀನ. ಇವನ್ನೆಲ್ಲ ಆ ಕೋಡ್‌ಗೆ ಕೊಟ್ಟೆ. ಗದಗ, ಕನಕ, ನಯನ ಪಾಸ್. ನವೀನ ತಿರುಗಿ ‘ನೀವನ’ ಆಗಿ ಫೇಲ್. ವಿಕಟಕವಿಯೂ ಫೇಲ್. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಇದಕ್ಕಿಂತ ದೊಡ್ಡ ತಮಾಷೆ ‘ತಾತ’ ಹಾಕಿದಾಗ ಆಯ್ತು. ತಾತ ಪಾಸ್! ಮಾಮ ಪಾಸ್, ಪಾಪ ಪಾಸ್. ನಾಲಿಗೆಗೆ ಕೇಳಿ, ತಾತ ತಿರುಗಿದರೆ ‘ತತಾ’ ಅಲ್ವಾ? ಅಂದ್ರೆ ಕೋಡ್ ಹೌದಾದ್ದನ್ನ ಅಲ್ಲ ಅನ್ನುತ್ತೆ, ಅಲ್ಲದ್ದನ್ನ ಹೌದು ಅನ್ನುತ್ತೆ. ಎರಡೂ ಕಡೆ ತಪ್ಪು.

ಕಾರಣ ತುಂಬ ಸರಳ. ನಾವು ‘ಅಕ್ಷರ’ ಅನ್ನೋದು ಒಂದು, ಕಂಪ್ಯೂಟರ್ ‘ಅಕ್ಷರ’ ಅನ್ನೋದು ಇನ್ನೊಂದು. ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿದೆ. ನಮ್ಮ ಲಿಪಿಗೆ ಅಲ್ಲಿ 128 ಮನೆಗಳ ಒಂದು ಬೀದಿ ಕೊಟ್ಟಿದ್ದಾರೆ. ‘ಕ’ಗೆ ಒಂದು ಮನೆ, ‘ತ’ಗೆ ಒಂದು, ಗುಡಿಸಿಗೆ ಒಂದು, ಕೊಂಬಿಗೆ ಒಂದು, ‘ಕ್’ನಲ್ಲಿ ಸ್ವರ ತೆಗೆಯೋ ಆ ಗುರುತಿಗೆ ಒಂದು. ‘ಕಿ’ಗೆ ಅಂತ ಬೇರೆ ಮನೆ ಇಲ್ಲ. ‘ಕ’ ಆದ ಮೇಲೆ ಗುಡಿಸು, ಎರಡು ಸೇರಿ ಪರದೆ ಮೇಲೆ ಕಿ. ‘ಕ್ಕ’ ಅಂದ್ರೆ ಮೂರು: ಕ, ಸ್ವರ ತೆಗೆಯೋ ಗುರುತು, ಮತ್ತೆ ಕ. ಹಾಗಾಗಿ ‘ತಾತ’ ಅಂದ್ರೆ ಮೆಷಿನ್‌ಗೆ ತ, ದೀರ್ಘ, ತ. ಮಧ್ಯದಲ್ಲಿ ದೀರ್ಘ, ಎರಡು ಕಡೆ ತ. ಅದರ ಲೆಕ್ಕದಲ್ಲಿ ಸರಿಯಾಗೇ ಇದೆ.

ಈಗ ಚಿಕ್ಕಯ್ಯನಛತ್ರದಲ್ಲಿ ಎಷ್ಟು ಅಕ್ಷರ? ನನ್ನ ಬಾಯಿಗೆ ಆರು: ಚಿ, ಕ್ಕ, ಯ್ಯ, ನ, ಛ, ತ್ರ. ಪೈಥಾನ್‌ನ ಉದ್ದ ಅಳೆಯೋ ಫಂಕ್ಷನ್ ಕೇಳಿದರೆ 13. ಸಿ ಭಾಷೆಯಲ್ಲಿ ಅಳೆದರೆ 39. ಯಾಕೆಂದರೆ ಅದು ಬೈಟ್ ಎಣಿಸುತ್ತೆ, ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಗುರುತಿಗೆ ಮೂರು ಬೈಟ್. ಎಸ್ಸೆಮ್ಮೆಸ್ ಇಂಗ್ಲಿಷ್‌ನಲ್ಲಿ 160 ಅಕ್ಷರ, ಕನ್ನಡದಲ್ಲಿ ಬರೆದರೆ 70ಕ್ಕೇ ಮುಗಿಯುತ್ತೆ ಅಲ್ವಾ? ಆ 70ರಲ್ಲಿ ನಮ್ಮೂರಿನ ಹೆಸರೊಂದೇ 13 ನುಂಗುತ್ತೆ.

ಇದಕ್ಕೆ ಯೂನಿಕೋಡ್‌ನೋರು ಪರಿಹಾರ ಯೋಚಿಸಿಲ್ಲ ಅಂತಲ್ಲ. ಕಣ್ಣಿಗೆ ಒಂದಾಗಿ ಕಾಣೋ ತುಂಡನ್ನ ಗ್ರಾಫೀಮ್ ಕ್ಲಸ್ಟರ್ ಅಂತ ಕರೆದು, ಪದವನ್ನ ಎಲ್ಲಿ ಕತ್ತರಿಸಬೇಕು ಅಂತ ನಿಯಮ ಬರೆದಿದ್ದಾರೆ. ಅದಕ್ಕೆ ಲೈಬ್ರರಿಗಳೂ ಇವೆ. ಗುಡಿಸು, ಕೊಂಬುಗಳನ್ನ ಅವು ಸರಿಯಾಗಿ ಹಿಡಿಯುತ್ತವೆ. ಎಡವೋದು ಒತ್ತಕ್ಷರದಲ್ಲಿ: ‘ಕ್ಕ’ವನ್ನ ‘ಕ್’, ‘ಕ’ ಅಂತ ಎರಡು ಮಾಡುತ್ತವೆ. ಹಾಗೆ ಎಣಿಸಿದರೆ ನಮ್ಮೂರಿಗೆ ಒಂಬತ್ತು ಅಕ್ಷರ. 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರ ಒಡೆಯಬಾರದು ಅಂತ ಹೊಸ ನಿಯಮ ಬಂತು. ದೇವನಾಗರಿ, ತೆಲುಗು, ಮಲಯಾಳಂ ಸೇರಿ ಆರು ಲಿಪಿಗೆ ಅದು ಅನ್ವಯಿಸಿತು, ಆ ಆರರಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಒಂದೇ ಊರಿಗೆ 6, 9, 13, 39 ಅಂತ ನಾಲ್ಕು ಉತ್ತರ. ನಾಲ್ಕೂ ಅದರದರ ಲೆಕ್ಕದಲ್ಲಿ ಸರಿ.

ಲೈಬ್ರರಿ ಬೇಡ, ನಾವೇ ಬರೆಯಬಹುದು, ಅದು ಒಳ್ಳೇ ಅಭ್ಯಾಸ. ಖಾಲಿ ಲಿಸ್ಟ್ ಒಂದು ಇಟ್ಟುಕೊಳ್ಳಿ. ಪದದ ಗುರುತುಗಳನ್ನ ಎಡದಿಂದ ಒಂದೊಂದೇ ನೋಡ್ತಾ ಹೋಗಿ. ಬಂದದ್ದು ಸ್ವರದ ಗುರುತೋ, ಅನುಸ್ವಾರವೋ, ವಿಸರ್ಗವೋ, ಸ್ವರ ತೆಗೆಯೋ ಗುರುತೋ ಆಗಿದ್ದರೆ ಹಿಂದಿನ ತುಂಡಿಗೆ ಅಂಟಿಸಿ. ಬಂದದ್ದು ವ್ಯಂಜನ, ಹಿಂದಿನ ತುಂಡು ಸ್ವರ ತೆಗೆಯೋ ಗುರುತಲ್ಲಿ ಮುಗಿದಿದೆ, ಆಗಲೂ ಅಂಟಿಸಿ, ಅದು ಒತ್ತು. ಬೇರೆ ಏನೇ ಬಂದರೂ ಹೊಸ ತುಂಡು. ಕೊನೆಗೆ ಲಿಸ್ಟ್ ತಿರುಗಿಸಿ ಜೋಡಿಸಿ. ತ್ರಛನಯ್ಯಕ್ಕಚಿ. ನನ್ನ ಕಿವಿಗೆ ಇದೇ ನಮ್ಮೂರಿನ ನಿಜವಾದ ಉಲ್ಟಾ. ‘ವ್ಯಂಜನ’ ಅನ್ನೋ ಷರತ್ತು ಮರೆತರೆ ‘ಬಸ್ ಸ್ಟಾಂಡ್’ನಲ್ಲಿ ಸ್ಪೇಸ್ ಹೋಗಿ ‘ಸ್’ಗೆ ಅಂಟಿಕೊಳ್ಳುತ್ತೆ. ನನಗೆ ಅಂಟಿತ್ತು.

ಒಂದು ಸಣ್ಣ ಪಕ್ಕದ ಮಾತು. ಸಂಸ್ಕೃತದ ಮಹಾಕವಿಗಳು ಕಂಪ್ಯೂಟರ್ ಇಲ್ಲದೆ ಈ ಆಟ ಆಡಿದ್ದಾರೆ. ಭಾರವಿಯ ಕಿರಾತಾರ್ಜುನೀಯದ 15ನೇ ಸರ್ಗದಲ್ಲಿ, ಮಾಘನ ಶಿಶುಪಾಲವಧದ 19ನೇ ಸರ್ಗದಲ್ಲಿ ಮುಂದಿನಿಂದಲೂ ಹಿಂದಿನಿಂದಲೂ ಒಂದೇ ಥರ ಓದಿಸಿಕೊಳ್ಳೋ ಪದ್ಯಗಳಿವೆ, ಗತಪ್ರತ್ಯಾಗತ ಅಂತಾರೆ. ಅವರು ಎಣಿಸಿದ್ದು ನಮ್ಮ ಹಾಗೆ ಇಡೀ ಅಕ್ಷರವನ್ನ, ಗುಡಿಸು ಕೊಂಬುಗಳನ್ನ ಬಿಡಿಸಿ ಅಲ್ಲ.

ಈಗ ಚಿಕ್ಕಮ್ಮನ ವಿಷಯ.

ನಮ್ಮ ಬೀದಿಯಲ್ಲಿ ಹೆಂಗಸರ ಒಂದು ಉಳಿತಾಯದ ಸಂಘ ಇದೆ. ಹಳೇ ಸದಸ್ಯರ ಪಟ್ಟಿಯನ್ನ ಯಾವತ್ತೋ ನುಡಿ ಫಾಂಟ್‌ನಲ್ಲಿ ಡಿಟಿಪಿ ಮಾಡಿಸಿದ್ದರು. ಅದನ್ನ ನಾನು ಆನ್‌ಲೈನ್ ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿದೆ. ಹೊಸ ಪಟ್ಟಿ ಫೋನಿನಲ್ಲೇ ಟೈಪ್ ಮಾಡಿದ್ದು. ‘ಎರಡನ್ನೂ ತಾಳೆ ನೋಡಿ ಕೊಡಪ್ಪಾ, ನೀನು ಕಂಪ್ಯೂಟರ್ ಓದ್ತಿದ್ದೀಯಲ್ಲ’ ಅಂತ ಹೇಳಿದರು. ಕೈಯಲ್ಲಿ ನೋಡಿದರೆ ಹತ್ತು ನಿಮಿಷದ ಕೆಲಸ. ಆದರೆ ನನಗೆ ತೋರಿಸಿಕೊಳ್ಳಬೇಕಿತ್ತು. ಎರಡು ಅರೇ ಮಾಡಿ, ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ ಹೆಸರುಗಳನ್ನ ‘ಬಿಟ್ಟುಹೋದವರು’ ಅಂತ ಶೀರ್ಷಿಕೆ ಹಾಕಿ ಮುದ್ರಿಸೋ ಪ್ರೋಗ್ರಾಮ್ ಬರೆದೆ. ಐದು ಹೆಸರು ಬಂತು. ನೋಡದೆ ಹಾಗೇ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದೆ.

ಸಂಜೆ ಚಿಕ್ಕಮ್ಮ ಮನೆಗೆ ಬಂದರು. ಬೈಯಲಿಲ್ಲ, ಅದೇ ಕಷ್ಟ. ‘ಮಗ, ನನ್ ಹೆಸ್ರು ಬುಟ್ಟೋಗದೆ ಅಂತ ಹಾಕಿದ್ದೀಯಲ್ಲಪ್ಪ. ಒಂದ್ ವಾರನೂ ದುಡ್ಡು ತಪ್ಪಿಸಿಲ್ಲ ಕನಪ್ಪ ನಾನು. ಯಾರು ಹೇಳುದ್ರು ನಿಂಗೆ?’ ಅಂದರು. ಯಾರೋ ಹೇಳಿ ತೆಗೆಸಿದ್ದಾರೆ ಅಂತಲೇ ಅವರ ಮನಸ್ಸಿಗೆ ಬಂದಿತ್ತು. ‘ಇಲ್ಲ ಚಿಕ್ಕಮ್ಮ, ಕಂಪ್ಯೂಟರ್ ತಪ್ಪು’ ಅಂದೆ. ‘ಕಂಪ್ಯೂಟ್ರು ನಿಂದೇ ತಾನೆ’ ಅಂದು ಹೋದರು. ಮುಂದಿನ ವಾರದ ಸಭೆಗೆ ಅವರು ಬರಲಿಲ್ಲ.

ಎರಡೂ ಪಟ್ಟಿ ತೆರೆದು ನೋಡಿದೆ. ಎರಡರಲ್ಲೂ ಅವರ ಹೆಸರಿತ್ತು. ಅಕ್ಷರ ಅಕ್ಷರ ಒಂದೇ. ಎರಡನ್ನೂ ಪೈಥಾನ್‌ಗೆ ಕೊಟ್ಟು ‘ಸಮವೇ?’ ಅಂದರೆ ‘ಅಲ್ಲ’ ಅಂತಿತ್ತು. ಅವತ್ತು ರಾತ್ರಿ ನನಗೆ ನಿಜವಾಗಲೂ ತಲೆ ಕೆಟ್ಟಿತು.

ಉದ್ದ ಅಳೆದು ನೋಡಿದಾಗ ದಾರಿ ಸಿಕ್ಕಿತು. ಒಂದು ಕಡೆಯದು ಇನ್ನೊಂದಕ್ಕಿಂತ ಒಂದು ಗುರುತು ಉದ್ದ. ಅವರ ಹೆಸರಿನಲ್ಲಿ ಒಂದು ‘ದೇ’ ಇದೆ. ಫೋನ್ ಕೀಬೋರ್ಡ್ ‘ದೇ’ ಬರೆಯೋದು ಎರಡು ಗುರುತಲ್ಲಿ: ದ, ಏತ್ವದ ದೀರ್ಘ. ಹಳೇ ಫಾಂಟ್‌ಗಳ ಕಾಲದಲ್ಲಿ ಅಕ್ಷರ ಅಂದ್ರೆ ಚಿತ್ರದ ತುಂಡುಗಳು. ‘ದೆ’ ಬರೆದು, ಪಕ್ಕದಲ್ಲಿ ದೀರ್ಘದ ಬಾಲವನ್ನ ಬೇರೆ ತುಂಡಾಗಿ ಇಡುತ್ತಿದ್ದರು. ನಾನು ಬಳಸಿದ ಕನ್ವರ್ಟರ್ ಆ ತುಂಡುಗಳನ್ನ ಹಾಗೇ ಯೂನಿಕೋಡ್‌ಗೆ ತಂದಿತ್ತು: ದ, ಎತ್ವ, ಆಮೇಲೆ ಬಿಡಿ ದೀರ್ಘ. ಮೂರು ಗುರುತು. ಪರದೆ ಮೇಲೆ ಎರಡೂ ಅಚ್ಚು ಅದೇ ‘ದೇ’. ಯೂನಿಕೋಡ್‌ನಲ್ಲಿ ಎರಡೂ ಬರಹ ಸಮ ಅಂತಲೇ ನಿಯಮ ಇದೆ, ಆದರೆ ಪೈಥಾನ್‌ನ ‘ಸಮ ಸಮ’ ಚಿಹ್ನೆಗೆ ಆ ನಿಯಮ ತಿಳಿಯದು. ಅದು ಗುರುತಿಗೆ ಗುರುತು ಹೋಲಿಸುತ್ತೆ ಅಷ್ಟೇ. ಕೀ, ಕೇ, ಕೈ, ಕೊ, ಕೋ ಎಲ್ಲದಕ್ಕೂ ಈ ಎರಡು ದಾರಿ ಸಮಸ್ಯೆ ಇದೆ. ನಮ್ಮ ‘ಮೈಸೂರು’ ಕೂಡ ಹೀಗೆ ಎರಡು ಬಗೆಯಲ್ಲಿ ಇರಬಹುದು.

ಪರಿಹಾರ ಒಂದೇ ಸಾಲು. ಹೋಲಿಸೋ ಮೊದಲು ಎರಡನ್ನೂ ನಾರ್ಮಲೈಸ್ ಮಾಡಬೇಕು. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಅನ್ನೋ ಮಾಡ್ಯೂಲ್ ಇದೆ, ಅದರಲ್ಲಿ ನಾರ್ಮಲೈಸ್ ಅನ್ನೋ ಫಂಕ್ಷನ್, ಎನ್ಎಫ್‌ಸಿ ಅನ್ನೋ ರೂಪ ಕೇಳಿದರೆ ಬಿಡಿ ತುಂಡುಗಳನ್ನ ಸೇರಿಸಿ ಕೊಡುತ್ತೆ. ಐದರಲ್ಲಿ ಮೂರು ಹೆಸರು ಇದರಿಂದಲೇ ಸರಿಹೋಯ್ತು, ಮೂರರಲ್ಲೂ ದೀರ್ಘ ಇತ್ತು. ನಾಲ್ಕನೆಯದರ ಕೊನೆಯಲ್ಲಿ ಕಾಣದ ಒಂದು ಸ್ಪೇಸ್. ಅದಕ್ಕೆ ಸ್ಟ್ರಿಪ್ ಸಾಕು. ಐದನೆಯವರು ಮಾತ್ರ ನಿಜಕ್ಕೂ ಮೈಸೂರಿಗೆ ಮನೆ ಬದಲಿಸಿ ಸಂಘ ಬಿಟ್ಟವರು.

ನಾರ್ಮಲೈಸ್ ಮಾಡಿದರೂ ತಪ್ಪಿಸಿಕೊಳ್ಳೋದು ಒಂದಿದೆ: ಕಾಣದ ಜೋಡಕ. ನೀವು ‘ರ‍್ಯಾಂಕ್’ ಅಂತ ಓದ್ತೀರಲ್ಲ, ಅದರ ‘ರ’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತಿದೆ. ಅದಿಲ್ಲದಿದ್ದರೆ ಅರ್ಕಾವೊತ್ತು ಬಂದು ‘ರ್ಯಾಂಕ್’ ಆಗುತ್ತೆ. ‘ಬಸ್‌ನಲ್ಲಿ’ ಅನ್ನೋದರಲ್ಲೂ ‘ಸ್’ ಮತ್ತು ‘ನ’ ಒತ್ತಾಗದಂತೆ ಮಧ್ಯೆ ಒಂದು ಕೂತಿದೆ. ನಿಮ್ಮ ಹುಡುಕಾಟದಲ್ಲಿ ಒಂದು ಪದ ಸಿಗದೇ ಇದ್ದರೆ ಮೊದಲು ಇವನ್ನ ಅನುಮಾನಿಸಿ.

ಹುಷಾರಾಗಿದ್ದೀನಿ ಅಂದುಕೊಂಡು ಎರಡನೇ ತಪ್ಪು ಮಾಡಿದೆ. ಎರಡು ಪಟ್ಟಿಯ ಕ್ರಮ ಬೇರೆ ಬೇರೆ ಇತ್ತು. ಅರೇಗಳನ್ನ ನೇರ ಹೋಲಿಸಿದರೆ ಕ್ರಮವೂ ಒಂದೇ ಇರಬೇಕು. ಕ್ರಮ ಬೇಡ ಅಂತ ಎರಡನ್ನೂ ಸೆಟ್ ಮಾಡಿದೆ. ಸೆಟ್‌ನಲ್ಲಿ ಒಂದು ಹೆಸರು ಒಂದೇ ಸಲ. ನಮ್ಮ ಬೀದಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದಾರೆ, ಯಾವ ಊರಲ್ಲಿ ಇಲ್ಲ ಹೇಳಿ? ಅವರಲ್ಲಿ ಒಬ್ಬರು ಕರಗಿಹೋದರು. ಈ ಸಲ ಕಳಿಸೋ ಮೊದಲು ಎಣಿಸಿದ್ದೆ, ಅದಕ್ಕೇ ಬಚಾವ್. ಕ್ರಮ ಬೇಡ, ಎಣಿಕೆ ಬೇಕು ಅಂದಾಗ ಎರಡನ್ನೂ ಸಾರ್ಟ್ ಮಾಡಿ ಹೋಲಿಸಿ, ಇಲ್ಲವೇ ಪೈಥಾನ್‌ನ ಕೌಂಟರ್ ಬಳಸಿ.

ಆ ಇಬ್ಬರನ್ನ ಬೇರೆ ಮಾಡೋಕೆ ಸದಸ್ಯೆಯರ ನಂಬರ್ ಸೇರಿಸಿದೆ. ಸಂಘದ ಪುಸ್ತಕದಲ್ಲಿ ಕನ್ನಡ ಅಂಕಿ, ೧೨ ಅಂತ. ಫೋನಿನಲ್ಲಿ 12. ಸ್ಟ್ರಿಂಗ್ ಆಗಿ ಹೋಲಿಸಿದರೆ ಬೇರೆ ಬೇರೆ. ಸಂತೋಷದ ವಿಷಯ ಏನಂದ್ರೆ ಪೈಥಾನ್‌ನ ಇಂಟ್‌ಗೆ ಕನ್ನಡ ಅಂಕಿ ಓದೋಕೆ ಬರುತ್ತೆ, ‘೧೨’ ಕೊಟ್ಟರೆ ಹನ್ನೆರಡೇ ಕೊಡುತ್ತೆ. ಇಂಟ್ ಮಾಡದೆ ಸಾರ್ಟ್ ಮಾಡಿದರೆ 9ಕ್ಕಿಂತ 10 ಮೊದಲು ಬರುತ್ತೆ, ಯಾಕಂದ್ರೆ ಸ್ಟ್ರಿಂಗ್‌ನಲ್ಲಿ ಮೊದಲ ಗುರುತು ನೋಡಿ ತೀರ್ಮಾನ. ತಾರೀಖಿನದೂ ಅದೇ ಕಥೆ. 15-08-2024 ಮತ್ತು 01-11-2024 ಸ್ಟ್ರಿಂಗ್ ಆಗಿ ಹೋಲಿಸಿದರೆ ಸ್ವಾತಂತ್ರ್ಯ ದಿನ ರಾಜ್ಯೋತ್ಸವದ ನಂತರ ಬರುತ್ತೆ. ವರ್ಷ, ತಿಂಗಳು, ದಿನ ಅನ್ನೋ ಕ್ರಮದಲ್ಲಿ ಬರೆದಿಟ್ಟರೆ ಈ ಕಾಟ ಇಲ್ಲ.

ಅರೇ ತಿರುಗಿಸೋದರಲ್ಲಿ ಎಲ್ಲರೂ ಮಾಡೋ ತಪ್ಪು ಬೇಗ ಹೇಳಿಬಿಡ್ತೀನಿ. ಬೆಂಚಿನ ಮೇಲೆ ಐದು ಜನ ಕೂತಿದ್ದಾರೆ. ಒಂದನೆಯವರು ಐದನೆಯವರ ಜೊತೆ ಜಾಗ ಬದಲಿಸಲಿ, ಎರಡನೆಯವರು ನಾಲ್ಕನೆಯವರ ಜೊತೆ. ಮೂರನೆಯವರು ಅಲ್ಲೇ ಇರಲಿ. ಮುಗೀತು, ಸಾಲು ತಿರುಗಿತು. ಆದರೆ ಲೂಪ್ ಐದರವರೆಗೂ ಓಡಿಸಿದರೆ ನಾಲ್ಕನೆಯ ಜಾಗದವರು ಮತ್ತೆ ಎರಡಕ್ಕೆ, ಐದನೆಯವರು ಮತ್ತೆ ಒಂದಕ್ಕೆ. ಎಲ್ಲರೂ ಮೊದಲಿದ್ದಲ್ಲೇ. ಕೋಡ್ ಕೆಲಸವೇ ಮಾಡಿಲ್ಲ ಅನ್ನಿಸುತ್ತೆ, ನಿಜಕ್ಕೂ ಅದು ಎರಡು ಸಲ ಮಾಡಿದೆ. ಅರ್ಧಕ್ಕೇ ನಿಲ್ಲಿಸಿ. ಪೈಥಾನ್‌ನಲ್ಲಿ ಲಿಸ್ಟಿನ ರಿವರ್ಸ್ ಮೆಥಡ್ ಬಳಸಿದರೆ ಮೂಲ ಲಿಸ್ಟೇ ತಿರುಗುತ್ತೆ, ಕೈಗೆ ಏನೂ ವಾಪಸ್ ಕೊಡಲ್ಲ. ಅದನ್ನ ಇನ್ನೊಂದು ಹೆಸರಿಗೆ ಹಾಕಿಕೊಂಡರೆ ‘ನನ್’ ಅಂತ ಬರೋದು ಅದಕ್ಕೇ.

ಈಗ ನನ್ನ ಪ್ರೋಗ್ರಾಮ್ ‘ಬಿಟ್ಟುಹೋದವರು’ ಅನ್ನೋ ಪದ ಬಳಸಲ್ಲ. ಗುರುತಿಗೆ ಗುರುತು ಕೂಡಿದರೆ ‘ಒಂದೇ’ ಅನ್ನುತ್ತೆ, ನಾರ್ಮಲೈಸ್ ಮಾಡಿದ ಮೇಲೆ ಕೂಡಿದರೆ ‘ಬಹುಶಃ ಒಂದೇ’ ಅನ್ನುತ್ತೆ, ಕೂಡದೇ ಇದ್ದರೆ ‘ಕೇಳಬೇಕು’ ಅನ್ನುತ್ತೆ. ಕೇಳೋಕೆ ನಾನೇ ಹೋಗ್ತೀನಿ, ಎರಡು ಬೀದಿ ಅಷ್ಟೇ. ಯಾಕಂದ್ರೆ ಒಬ್ಬರೇ ಹೆಂಗಸು ಒಂದು ಕಡೆ ಅಪ್ಪನ ಹೆಸರಿನ ಮೊದಲಕ್ಷರ, ಇನ್ನೊಂದು ಕಡೆ ಗಂಡನದು ಬರೆಸಿರ್ತಾರೆ, ಅದನ್ನ ಯಾವ ಎನ್ಎಫ್‌ಸಿಯೂ ಹಿಡಿಯಲ್ಲ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು, ಪಾಸ್‌ಬುಕ್‌ನಲ್ಲಿ ಒಂದು ಅಂತ ಅಲೆಯೋರನ್ನ ನಿಮ್ಮ ಮನೆಯಲ್ಲೇ ನೋಡಿರ್ತೀರಿ. ಅಂಥ ಕಡೆಯೂ ಯಾರೋ ಒಬ್ಬರು ಬರೆದ ‘ಸಮವೇ?’ ಅನ್ನೋ ಸಾಲು ಓಡ್ತಿರುತ್ತೆ.

ಚಿಕ್ಕಮ್ಮನ ಮನೆಗೆ ಹೋಗಿ ಫೋನ್ ತೋರಿಸಿದೆ. ಎರಡೂ ‘ದೇ’ ದೊಡ್ಡದು ಮಾಡಿ ತೋರಿಸಿ, ಒಂದರಲ್ಲಿ ಎರಡು ತುಂಡು, ಇನ್ನೊಂದರಲ್ಲಿ ಮೂರು ಅಂತ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ‘ಎರ್ಡೂ ಒಂದೇ ಅಂತ ನಂಗೇ ಕಾಣ್ತದೆ, ಅದುಕ್ ಕಾಣಾಕಿಲ್ವಾ?’ ಅಂದರು. ಸರಿಮಾಡಿದ ಪಟ್ಟಿಯನ್ನ ಗುಂಪಿಗೆ ಕಳಿಸಿ, ತಪ್ಪು ನನ್ನದು ಅಂತ ವಾಯ್ಸ್ ಮೆಸೇಜ್ ಹಾಕಿದೆ. ಅದರ ಮುಂದಿನ ಸಭೆಗೆ ಬಂದರು, ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಸಹಿ ಹಾಕಿ, ನನಗೂ ತೋರಿಸಿದರು.

ನಿಮಗೆ ಈ ವಾರದ ಕೆಲಸ: ನಿಮ್ಮ ಊರಿನ ಹೆಸರನ್ನ ಎರಡೂ ರೀತಿ ತಿರುಗಿಸಿ ಕಳಿಸಿ, ಮೆಷಿನ್‌ನದು ಒಂದು, ನಾಲಿಗೆಯದು ಒಂದು. ‘ಮೈಸೂರು’ ಹಾಕೋರಿಗೆ ಮೊದಲೇ ಹೇಳಿಬಿಡ್ತೀನಿ, ಉತ್ತರದ ಶುರುವಿನಲ್ಲಿ ಆಸರೆ ಇಲ್ಲದ ಕೊಂಬೊಂದು ಚುಕ್ಕಿ ವೃತ್ತ ಹಿಡಿದುಕೊಂಡು ನಿಂತಿರುತ್ತೆ, ಫೋನ್ ಕೆಟ್ಟಿಲ್ಲ. ಟಿ. ನರಸೀಪುರದೋರು ‘ನರಸೀಪುರ’ ಅಷ್ಟೇ ಹಾಕಿ ನೋಡಿ. ನಾಲಿಗೆಯ ಲೆಕ್ಕದಲ್ಲಿ ‘ರಪುಸೀರನ’. ಮೆಷಿನ್ ಲೆಕ್ಕದಲ್ಲಿ ‘ರುಪೀಸರನ’. ನಿಮ್ಮೂರಲ್ಲಿ ರುಪೀಸ್ ಇದೆ ಅಂತ ಗೊತ್ತಿರಲಿಲ್ಲ ಅಲ್ವಾ? ಮುಂದಿನ ವಾರ ಸಿಗೋಣ.